ಬಿನ್ನಹವಿಲ್ಲದ ಪ್ರತಿಗಳು

ಜೂನ್ ೩

ಮಗಳಿಗೆ,

ನಾವಿಬ್ಬರೂ ನೀನು ಬಿಟ್ಟುಹೋದ ಸ್ಥಿತಿಯಲ್ಲಿಯೇ ಇದ್ದೇವೆ. ಅಮ್ಮನ ಬಲಗಣ್ಣೊಂದು ಮಾತ್ರ ಮೊದಲಿಗಿಂತ ಮೇಲಾಗಿದೆ. ಆ ಕಣ್ಣಿನ ಪೊರೆ ತೆಗೆಸಿದ ದಿನ ನೀನು ಮಾತಾಡುವೆಯೆಂದು ಆಕೆ ಕಟ್ಟಿದ ಕಣ್ಣಿನಲ್ಲೇ ಸಂಜೆಯವರೆಗೆ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ನೀನು ಮಾಡಲಿಲ್ಲ. ವಾರ ಕಳೆದು ಮಾಡಿದಾಗಲೂ ಕೇಳಿದ್ದೇನು? "ಅಮ್ಮಾ, ಕಣ್ಣಿನ ಆಪರೇಷನ್ ಯಾವಾಗ?" ಆಕೆ ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ.

ಫೋನಿನಲ್ಲಿ ನಾನು ಕೇಳಿದ್ದಕ್ಕೆ ನೀನು ಉತ್ತರ ಹೊಂದಿಸಿಕೊಳ್ಳುವಷ್ಟರಲ್ಲಿ ನಾನು ಮುಂದಿನ ವಿಷಯಕ್ಕೆ ಹೋಗಿಬಿಡುತ್ತೇನೆಂದೂ, ಕಾಗದ ಬರೆದರೆ ಎರಡು ಮೂರು ಸಲ ಓದಿ ಉತ್ತರಿಸಬಹುದೆಂದೂ ನೀನೇ ಕೇಳಿಕೊಂಡೆ. ಆದ್ದರಿಂದ ಈ ಪತ್ರ. ನಲವತ್ತು ವರ್ಷ ಶಾಲೆಯಲ್ಲಿ ಭಾಷೆ ಕಲಿಸಿದವನಿಗೆ ಬರೆಯುವುದು ಹೊರೆಯಲ್ಲ. ಆದರೆ ಹೆತ್ತ ಮಗಳೊಡನೆ ಮಾತಾಡಲು ಅಂಚೆಯವನ ಕಾಲನ್ನು ನಂಬಬೇಕಾಗಿ ಬಂದದ್ದು ಹೊರೆಯೇ ಸರಿ.

ನಿನ್ನನ್ನು ನೋಯಿಸುವ ಇಚ್ಛೆ ನನಗಿಲ್ಲ. ನೆನಪಿಸುವ ಇಚ್ಛೆಯುಂಟು. ಆರನೆಯ ವಯಸ್ಸಿನಲ್ಲಿ ನೀನು ಸ್ತೋತ್ರದ ನೂರು ಪದ್ಯಗಳನ್ನೂ ಎಲ್ಲಿಂದ ಕೇಳಿದರೆ ಅಲ್ಲಿಂದ ಹೇಳುತ್ತಿದ್ದೆ. ಮರುವರ್ಷ ನಿನ್ನ ಹಿಂದಲೆಯೊಳಗೆ ಗಡ್ಡೆಯೆಂದರು. ತೆರೆದು ತೆಗೆದರು, ವಾರಗಟ್ಟಲೆ ತಲೆಗೆ ಕಿರಣ ಹಾಯಿಸಿದರು, ವರ್ಷವಿಡೀ ನರಕ್ಕೆ ಔಷಧ ಏರಿಸಿದರು. ಪಕ್ಕದ ಮಂಚದ ಮಕ್ಕಳು ಒಬ್ಬೊಬ್ಬರಾಗಿ ಇಲ್ಲವಾದ ಆ ಕೊಠಡಿಯಿಂದ ನೀನು ನಡೆದುಕೊಂಡು ಹೊರಬಂದೆ. ಭಗವಂತನು ಹಾಗೆ ಕೈಹಿಡಿದು ತಂದ ಜೀವವು ಬೆಳೆದು ಇಪ್ಪತ್ತೇಳಾದ ಮೇಲೆ ತಾಯಿಯ ಕಣ್ಣನ್ನು ಮರೆಯುವುದೆಂದರೆ, ಅದನ್ನು ನಾನು ಕಾಯಿಲೆಯೆನ್ನಲಾರೆ, ಅಲಕ್ಷ್ಯವೆನ್ನುತ್ತೇನೆ. ಬುದ್ಧಿ ಎಲ್ಲಿಗೂ ಹೋಗಿಲ್ಲ. ನೀನು ಅದನ್ನು ಕರೆಯುತ್ತಿಲ್ಲ.

ಇನ್ನು ಕೆಲವು ವಿಷಯ. ಬೈಂಡಿಂಗ್ ಅಂಗಡಿಯಲ್ಲಿ ನಿನಗೆ ಯಾವ ಕೆಲಸ ಕೊಟ್ಟಿದ್ದಾರೆ? ಯಜಮಾನರು ಎಂಥವರು? ಕೋಣೆಗೆ ಗಾಳಿ ಬೆಳಕು ಸಾಕಷ್ಟಿದೆಯೇ? ಥೈರಾಯ್ಡ್ ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದೀಯಾ? ಪ್ರಾರ್ಥನೆ ನಡೆಯುತ್ತಿದೆಯೇ? ಮನೆಗೆ ಯಾವಾಗ ಬರುತ್ತೀ? ಎಲ್ಲಕ್ಕೂ ಉತ್ತರ ಬರಲಿ.

ನಿನ್ನ ಒಳಿತನ್ನೇ ದಿನಕ್ಕೆರಡು ಬಾರಿ ಬೇಡುವ
ತಂದೆ

(ಅಡಿಯಲ್ಲಿ, ಪೆನ್ಸಿಲಿನಲ್ಲಿ) ಇದು ಅಮ್ಮ. ಕಣ್ಣು ಚೆನ್ನಾಗಿ ಕಾಣ್ತಿದೆ ಕಣೇ. ನಮ್ಮನೇಲಿ ಇಷ್ಟು ಧೂಳಿದೆ ಅಂತ ಗೊತ್ತೇ ಇರ್ಲಿಲ್ಲ. ನೀನು ಬೇಜಾರು ಮಾಡ್ಕೋಬೇಡ.


ಜೂನ್ ೨೫

ಅಪ್ಪನವರಿಗೆ,

ನಿಮ್ಮ ಪತ್ರದಲ್ಲಿ ಆರು ಪ್ರಶ್ನೆಗಳಿದ್ದವು. ಒಂದಕ್ಕೆ ಉತ್ತರ ಬರೆದು, ಎರಡನೆಯದನ್ನು ಹುಡುಕಲು ನಿಮ್ಮ ಪತ್ರಕ್ಕೆ ಮರಳಿದಾಗ, ಮೊದಲನೆಯದಕ್ಕೆ ಏನು ಬರೆಯುತ್ತಿದ್ದೆನೆಂಬುದೇ ಹೋಗಿರುತ್ತದೆ. ಮೂರು ಭಾನುವಾರ ಹೀಗೆ ಕಳೆದವು. ದಯವಿಟ್ಟು ಒಂದು ಪತ್ರಕ್ಕೆ ಒಂದೇ ಪ್ರಶ್ನೆ ಇಡಿ.

ಅಮ್ಮನ ಆಪರೇಷನ್ನಿನ ದಿನವನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. ಗೋಡೆಯನ್ನು ನೋಡಬೇಕೆಂಬುದು ಮರೆತುಹೋಯಿತು.

ಕೆಲಸದ ವಿಷಯ. ಅಚ್ಚಾದ ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟದ ಒಂದು ಫಾರಂ ಆಗುತ್ತದೆ. ಇಂಥವು ಹತ್ತೋ ಹದಿನೈದೋ ಸೇರಿದರೆ ಒಂದು ಪುಸ್ತಕ. ಉದ್ದನೆಯ ಮೇಜಿನ ಮೇಲೆ ಫಾರಂಗಳ ರಾಶಿಗಳನ್ನು ಸಾಲಾಗಿಟ್ಟು, ಮೇಜಿನ ಸುತ್ತ ನಡೆಯುತ್ತಾ, ಪ್ರತಿ ರಾಶಿಯಿಂದ ಒಂದೊಂದೇ ಎತ್ತಿಕೊಂಡು ಬಂದರೆ ಸುತ್ತು ಮುಗಿಯುವ ಹೊತ್ತಿಗೆ ಕೈಯಲ್ಲಿ ಒಂದು ಪುಸ್ತಕವಿರುತ್ತದೆ. ಅದಕ್ಕೆ ಜೋಡಿಸುವ ಮೇಜು ಎನ್ನುತ್ತಾರೆ. ಅದು ನನ್ನದು. ಪ್ರತಿ ಫಾರಂನ ಬೆನ್ನಿನ ಮಡಿಕೆಯ ಮೇಲೆ ಒಂದು ಸಣ್ಣ ಕಪ್ಪು ಗುರುತು ಅಚ್ಚಾಗಿರುತ್ತದೆ: ಮೊದಲನೆಯದರಲ್ಲಿ ಮೇಲ್ತುದಿಗೆ, ಮುಂದಿನದರಲ್ಲಿ ಕೊಂಚ ಕೆಳಗೆ, ಅದರ ಮುಂದಿನದರಲ್ಲಿ ಇನ್ನೂ ಕೆಳಗೆ. ಸರಿಯಾಗಿ ಜೋಡಿಸಿದ್ದರೆ ಆ ಗುರುತುಗಳು ಪುಸ್ತಕದ ಬೆನ್ನಿನ ಮೇಲೆ ಮೆಟ್ಟಿಲಿನಂತೆ ಇಳಿಯುತ್ತವೆ. ಒಂದು ಫಾರಂ ತಪ್ಪಿದರೂ ಮೆಟ್ಟಿಲು ಮುರಿದು ಕಾಣುತ್ತದೆ. ನಾನು ನೆನಪಿಟ್ಟುಕೊಳ್ಳಬೇಕಾದದ್ದು ಏನೂ ಇಲ್ಲ. ಮುಂದೆ ಎತ್ತಬೇಕಾದ ರಾಶಿ ಕಣ್ಣ ಮುಂದೆಯೇ ಇರುತ್ತದೆ. ಇಂಥ ಕೆಲಸವೊಂದು ಇದೆಯೆಂದು ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ.

ಹೊಲಿಗೆಯಲ್ಲಿ ಕೂರುವವರನ್ನು ಎಲ್ಲರೂ ಸೂಜಿ ಅಕ್ಕ ಎನ್ನುತ್ತಾರೆ. ಮೊದಲ ವಾರ ಅವರು, "ಏ ಹುಡುಗಿ, ದಾರ ತಗೊಂಡು ಬಾ, ಬರ್ತಾ ಆ ರಟ್ಟು ಈಚೆ ಸರಿಸು, ಹಂಗೇ ಅಂಟು ಕಾದಿದ್ಯಾ ನೋಡು," ಎಂದರು. ನಾನು ದಾರದ ಮುಂದೆ ಹೋಗಿ ನಿಂತು, "ಒಂದೊಂದೇ ಹೇಳಿ ಅಕ್ಕಾ," ಎಂದೆ. ಅಂದಿನಿಂದ ಅಂಗಡಿಯಲ್ಲಿ ನನ್ನ ಹೆಸರೇ ಒಂದೊಂದೇ. "ಒಂದೊಂದೇ, ಟೀ ಬಂತು!" "ಎಷ್ಟು ಬಂತಕ್ಕಾ?" "ನಿಂಗೆ ಒಂದೇ!" ಯಜಮಾನರು ನನ್ನ ನಿಧಾನವನ್ನು ಬೈಯುತ್ತಾರೆ. ಸೂಜಿ ಅಕ್ಕನ ಬಾಯಿಯನ್ನೂ, ಕಾಗದ ಕತ್ತರಿಸುವವನ ಸಿಗರೇಟನ್ನೂ ಅಷ್ಟೇ ಜೋರಾಗಿ ಬೈಯುತ್ತಾರೆ. ಬೈಗುಳವನ್ನು ಅವರಷ್ಟು ಸಮನಾಗಿ ಹಂಚುವವರನ್ನು ನಾನು ಕಂಡಿಲ್ಲ.

ಇನ್ನೊಂದು ಮಾತು. ಚಿಕ್ಕಂದಿನಲ್ಲಿ ನನ್ನಂತೆ ಚಿಕಿತ್ಸೆ ಪಡೆದು ಈಗ ದೊಡ್ಡವರಾದವರನ್ನೇ ನೋಡುವ ಒಬ್ಬ ವೈದ್ಯೆ ಇಲ್ಲಿದ್ದಾರೆ. ಅರ್ಧ ದಿನ ಕೂರಿಸಿಕೊಂಡು ಅಂಕಿ, ಚಿತ್ರ, ಪದಗಳನ್ನು ಕೊಟ್ಟು ಪರೀಕ್ಷಿಸಿದರು. ಪದಗಳ ಅರ್ಥ, ವಿಚಾರಶಕ್ತಿ ಎಲ್ಲ ಚೆನ್ನಾಗಿದೆಯಂತೆ. ವೇಗ, ಮತ್ತು ಕೇಳಿದ್ದನ್ನು ಕೆಲವು ಕ್ಷಣ ತಲೆಯಲ್ಲಿ ಹಿಡಿದಿಡುವ ಶಕ್ತಿ, ಇವೆರಡು ಬಹಳ ಕಡಿಮೆಯಂತೆ. ಮಿದುಳಿನ ಒಂದು ಭಾಗದ ಸುದ್ದಿಯನ್ನು ಇನ್ನೊಂದಕ್ಕೆ ಒಯ್ಯುವ ಎಳೆಗಳು ಚಿಕ್ಕ ಮಕ್ಕಳಲ್ಲಿ ಇನ್ನೂ ಬಲಿಯುತ್ತಿರುತ್ತವಂತೆ. ಗಡ್ಡೆಯ ಬೇರನ್ನು ಸುಟ್ಟ ಕಿರಣವೇ ಆ ಎಳೆಗಳನ್ನೂ ತಾಕಿತು. ತಕ್ಷಣ ತಿಳಿಯುವುದಿಲ್ಲ, ಓರಗೆಯವರು ಮುಂದೆ ಹೋದಂತೆಲ್ಲ ಅಂತರ ಕಾಣುತ್ತಾ ಹೋಗುತ್ತದೆ. ಎಡಗಿವಿ ಮಂದವಾಗಿರುವುದೂ, ಮಧ್ಯಾಹ್ನದ ಹೊತ್ತಿಗೆ ನನ್ನ ಮೈಯೆಲ್ಲ ಒದ್ದೆ ಬಟ್ಟೆಯಾಗುವುದೂ ಆ ಚಿಕಿತ್ಸೆಯದೇ. "ಸೋಮಾರಿ ಅಂತ ಎಷ್ಟು ಜನ ಅಂದಿದಾರೆ?" ಎಂದು ಕೇಳಿದರು. "ಎಣಿಸೋಕೆ ಹೋದ್ರೆ ಮಧ್ಯದಲ್ಲಿ ತಪ್ಪುತ್ತೆ ಡಾಕ್ಟ್ರೇ," ಎಂದೆ. ಇಬ್ಬರೂ ನಕ್ಕೆವು. ಬಸ್ಸಿಗೆ ಕಾಯುವಾಗ ನಾನೊಬ್ಬಳೇ ಅತ್ತೆ.

ಅಂಗಡಿಯಲ್ಲಿ ಇದು ಯಾರಿಗೂ ಗೊತ್ತಿಲ್ಲ. ಗೊತ್ತಾಗುವುದು ಬೇಡ. ಅಲ್ಲಿ ನಾನು ಬರೀ ನಿಧಾನದ ಹುಡುಗಿ. ಬೇರೇನೂ ಅಲ್ಲದಿರುವುದು ಎಷ್ಟು ಹಗುರವೆಂದು ನಿಮಗೆ ಹೇಗೆ ಹೇಳಲಿ?

ಮಾತ್ರೆ ನುಂಗುತ್ತಿರುವ
ಮಗಳು


ಜುಲೈ ೪

ಮಗಳಿಗೆ,

ನಿನ್ನ ಪತ್ರವನ್ನು ಎರಡು ಬಾರಿ ಓದಿದೆ. ಮೆಟ್ಟಿಲುಗಳ ವರ್ಣನೆ ಸೊಗಸಾಗಿದೆ. ಇಷ್ಟು ಕ್ರಮವಾಗಿ ಬರೆಯಬಲ್ಲವಳ ಮಿದುಳಿನಲ್ಲಿ ಎಳೆಗಳು ಕೆಟ್ಟಿವೆಯೆಂದು ಆ ವೈದ್ಯೆ ಹೇಗೆ ನಿಶ್ಚಯಿಸಿದರೋ ನಾನರಿಯೆ. ಅಂದು ನಿನ್ನನ್ನು ಬೀಳ್ಕೊಟ್ಟ ದೊಡ್ಡ ವೈದ್ಯರು ನನ್ನ ಭುಜದ ಮೇಲೆ ಕೈಯಿಟ್ಟು, "ಮೇಷ್ಟ್ರೇ, ಮಗು ಪೂರ್ತಿ ವಾಸಿಯಾಗಿದೆ. ಇನ್ನು ಇದನ್ನೆಲ್ಲ ಮರೆತುಬಿಡಿ," ಎಂದಿದ್ದರು. ಆ ಮಾತಿನ ನೆಲದ ಮೇಲೆ ನಾನೂ ನಿನ್ನಮ್ಮನೂ ಇಪ್ಪತ್ತು ವರ್ಷ ಸಂಸಾರ ಮಾಡಿದ್ದೇವೆ. ಪ್ರಾಣ ಉಳಿಸಿದ ಕಿರಣವನ್ನೇ ಈಗ ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನಿಸುವುದು ನನಗೆ ಸರಿಕಾಣದು.

ಆದರೆ ಇಂದು ವಾದಿಸಲು ಬರೆಯುತ್ತಿಲ್ಲ, ಶುಭವಾರ್ತೆಯಿದೆ. ನಿನ್ನನ್ನು ಒಳಗೆ ಕರೆದೊಯ್ದಿದ್ದ ದಿನ, ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾನು ಭಗವಂತನಿಗೊಂದು ಮಾತು ಕೊಟ್ಟಿದ್ದೆ: ಮಗು ಉಳಿದರೆ, ಅವಳು ಬಾಯಿಪಾಠ ಹೇಳುತ್ತಿದ್ದ ಸ್ತೋತ್ರಕ್ಕೆ ಪದಪದಕ್ಕೂ ಟೀಕನ್ನು ಬರೆದು, ನಿನ್ನ ಮಹಿಮೆಯನ್ನು ಲೋಕಕ್ಕೆ ತಿಳಿಸುವೆನು, ಎಂದು. ನೂರನೆಯ ಪದ್ಯದ ಟೀಕು ಮೊನ್ನೆ ಮುಗಿಯಿತು. ಗ್ರಂಥ ಅಚ್ಚಿನಲ್ಲಿದೆ. ಮುನ್ನೂರು ಪ್ರತಿ. ಕಟ್ಟುವ ಕೆಲಸವನ್ನು ನಿಮ್ಮ ಅಂಗಡಿಗೇ ಒಪ್ಪಿಸಿದ್ದೇನೆ. ಜೋಡಣೆ ನಿನ್ನ ಕೈಯಿಂದಲೇ ಆಗಬೇಕೆಂದು ಯಜಮಾನರಿಗೆ ಬರೆದು ಒಪ್ಪಿಗೆಯನ್ನೂ ಪಡೆದಿದ್ದೇನೆ. ನಿನ್ನ ಕಾಯಿಲೆಯ ಸುದ್ದಿಯನ್ನು ಆ ಪತ್ರದಲ್ಲಿ ಎತ್ತಿಲ್ಲ, ಹೆದರಬೇಡ. ಅಕ್ಟೋಬರಿನ ಮೊದಲ ವಾರ ನಮ್ಮ ಪ್ರಾರ್ಥನಾ ಮಂದಿರದಲ್ಲಿ ಅರ್ಪಣೆ.

ಒಂದೇ ಪ್ರಶ್ನೆ ಎಂದೆಯಲ್ಲ, ಆಗಲಿ. ಸಂತೋಷವಾಯಿತೇ? (ಮನೆಗೆ ಯಾವಾಗ ಬರುತ್ತೀ ಎಂಬುದು ಹಳೆಯ ಪ್ರಶ್ನೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ. ಪ್ರಾರ್ಥನೆಯ ವಿಷಯವೂ ಹಳೆಯದೇ.)

ಕೊಟ್ಟ ಮಾತಿನ ಭಾರ ಇಳಿಸಿಕೊಳ್ಳುತ್ತಿರುವ
ತಂದೆ


ಆಗಸ್ಟ್ ೯

ಅಪ್ಪನವರಿಗೆ,

ಸಂತೋಷವಾಗಿತ್ತು, ಬಿನ್ನಹದ ಫಾರಂ ಬರುವವರೆಗೆ.

ಟೀಕಿನ ಫಾರಂಗಳು ಮೊದಲೇ ಬಂದಿದ್ದವು. ಗ್ರಂಥದ ಆರಂಭಕ್ಕೆಂದು ನೀವು ಬರೆದ ಬಿನ್ನಹ ಎಂಟು ಪುಟದ ಬೇರೆ ಫಾರಂ ಆಗಿ ಕೊನೆಗೆ ಬಂತು. ಟೀ ಹೊತ್ತಿನಲ್ಲಿ ಸೂಜಿ ಅಕ್ಕ ಒಂದು ಪ್ರತಿ ಎಳೆದುಕೊಂಡು, "ನಮ್ಮ ಒಂದೊಂದೇ ಅಪ್ಪ ಏನು ಬರ್ದಿದಾರೆ ನೋಡಣ," ಎಂದು ಎಲ್ಲರಿಗೂ ಕೇಳುವಂತೆ ಓದಿದರು. ಗಡ್ಡೆ, ಆಪರೇಷನ್, ಕಿರಣ, ಬೆಂಚು, ಎಲ್ಲ. ಆಮೇಲೆ ಈ ವಾಕ್ಯ: "ವ್ಯಾಧಿಯು ಒಂದು ಗೆರೆಯನ್ನೂ ಉಳಿಸದೆ ತೊಲಗಿತು, ಅಂದಿನ ಮೇಧಾಶಕ್ತಿಯೇ ಇಂದಿಗೂ ಅವಳಲ್ಲಿ ಅಖಂಡವಾಗಿ ಬೆಳಗುತ್ತಿದೆ, ಈ ಗ್ರಂಥವನ್ನು ಜೋಡಿಸಿದ ಕೈಗಳು ಅವಳವೇ."

ಕತ್ತರಿಸುವವನು ರೇಡಿಯೋ ಆರಿಸಿದ. ಅಂಗಡಿಯಲ್ಲಿ ರೇಡಿಯೋ ಆರಿದ್ದನ್ನು ನಾನು ಅಂದೇ ಕಂಡದ್ದು.

"ನಿನ್ನ ತಲೆ ಒಳಗೆ ಗಡ್ಡೆ ಇತ್ತೇನೇ?" ಎಂದು ಸೂಜಿ ಅಕ್ಕ ಕೇಳಿದರು.

"ಇತ್ತು."

"ಈಗ ಪೂರ್ತಿ ವಾಸಿ?"

ಆ ಪ್ರಶ್ನೆಗೆ ಉತ್ತರ ಉದ್ದವಿದೆ. ಎಲ್ಲಿಂದ ಹಿಡಿಯಲೆಂದು ನೋಡುತ್ತಿರುವಾಗಲೇ ಸೂಜಿ ಅಕ್ಕ ನಕ್ಕರು. "ಒಂದು ಗೆರೆನೂ ಉಳಿದಿಲ್ಲ ಅಂತ ನಿಮ್ಮಪ್ಪನೇ ಬರ್ದಿದಾರಲ್ಲ! ಹಂಗಾದ್ರೆ ಈ ನಿಧಾನ ಎಲ್ಲಾ ಏನು, ಕಳ್ಳಾಟನಾ?" ಅವರು ತಮಾಷೆಗೆಂದರು. ಯಜಮಾನರು ತಮಾಷೆ ಮಾಡಲಿಲ್ಲ. ಸಂಜೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಮೊದ್ಲೇ ಹೇಳ್ಬಾರ್ದಿತ್ತೇನಮ್ಮಾ? ತಿಳೀದೆ ಬೈದ್ಬಿಟ್ಟೆನಲ್ಲ ಇಷ್ಟು ದಿನ. ಬೇಕಿದ್ರೆ ರಟ್ಟಿಗೆ ಹೆಸರಿನ ಚೀಟಿ ಅಂಟ್ಸೋ ಕಡೆ ಕೂತ್ಕೊಂಡು ಮಾಡು. ಈ ಮೇಜು ಸುತ್ತೋದು ಬೇಡ." ಅಂದಿನಿಂದ ಅವರು ನನ್ನನ್ನು ಬೈದಿಲ್ಲ.

ಕಳ್ಳಿ, ಇಲ್ಲವೇ ರೋಗಿ. ನಿಮ್ಮ ಒಂದು ವಾಕ್ಯ ನನಗೆ ಇವೆರಡರ ನಡುವೆ ನಿಲ್ಲಲು ಜಾಗ ಉಳಿಸಿಲ್ಲ. ನಾನು ಸಂಪಾದಿಸಿಕೊಂಡದ್ದು ಒಂದು ಮೇಜು, ಅಪ್ಪಾ. ಅದು ಕೈಬಿಟ್ಟರೆ ನಾನು ಮನೆಗೇ ಬರಬೇಕು.

ಟೀಕು ನಿಮ್ಮದು, ದೇವರು ನಿಮ್ಮವರು, ಬೆಂಚೂ ನಿಮ್ಮದು. ತಲೆ ಮಾತ್ರ ನನ್ನದು. ಆ ವಾಕ್ಯವನ್ನು ತಿದ್ದಿ ಒಂದು ಫಾರಂ ಮತ್ತೆ ಅಚ್ಚು ಹಾಕಿಸಿ. ಹದಿನೈದು ದಿನ ಜೋಡಣೆಯನ್ನು ತಡೆದಿಡುತ್ತೇನೆ.

ಮಗಳು


ಆಗಸ್ಟ್ ೧೬

ಮಗಳಿಗೆ,

ನೀನು ಇಷ್ಟು ಕಠಿಣವಾಗಿ ಬರೆಯಬಲ್ಲೆಯೆಂದು ನನಗೆ ತಿಳಿದಿರಲಿಲ್ಲ. ಅಂಗಡಿಯವರಿಗೆ ಹೇಳಬೇಡವೆಂದೆ, ನಾನು ಹೇಳಲಿಲ್ಲ. ಗ್ರಂಥವೊಂದು ತನ್ನ ಹುಟ್ಟಿನ ಕಾರಣವನ್ನು ಹೇಳಿಕೊಳ್ಳುವುದು ಬೇರೆಯೇ ಸಂಗತಿ.

ಸ್ತುತಿಗೈಯುವವನು ಕೊರತೆಯ ಪಟ್ಟಿಯನ್ನು ಲಗತ್ತಿಸುವುದುಂಟೇ? ಕೊಟ್ಟವನ ಎದುರು ನಿಂತು "ಕೊಟ್ಟದ್ದು ಇಷ್ಟೇ" ಎನ್ನುವ ನಾಲಗೆ ನನ್ನದಲ್ಲ. ನೀನು ಉಳಿದೆ, ಓದಿದೆ, ದುಡಿಯುತ್ತಿದ್ದೀಯೆ. ಮರೆವು, ಆಯಾಸ, ನಿಧಾನ ಯಾರಿಗಿಲ್ಲ? ನನಗೂ ಇದೆ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತೇನೆ. ಬಿನ್ನಹವು ನನ್ನ ಹರಕೆಯ ಮುಖ್ಯಾಂಗ. ಅದರಲ್ಲಿ ಒಂದಕ್ಷರವೂ ಬದಲಾಗದು. ಜೋಡಣೆಯನ್ನು ತಡೆಯದೆ ಮುಗಿಸು.

ತಂದೆ

(ಪೆನ್ಸಿಲಿನಲ್ಲಿ) ನಾನು ನಿನ್ನ ಕಾಗದಾನೂ ಓದಿದೆ, ಇವರದ್ದೂ ಓದಿದೆ. ತಿದ್ದಿ ಅಂದೆ. ಕೇಳ್ಲಿಲ್ಲ. ಕಣ್ಣು ಆಪರೇಷನ್ ನನಗೊಬ್ಬಳಿಗೇ ಮಾಡ್ಸಿದ್ದು ತಪ್ಪಾಯ್ತು.


ಅಕ್ಟೋಬರ್ ೧

ಮಗಳಿಗೆ,

ನಿನ್ನೆ ಪ್ರತಿಗಳು ಬಂದವು. ರಟ್ಟು, ಬಟ್ಟೆ, ಹೊಲಿಗೆ ಎಲ್ಲ ಅಂದವಾಗಿವೆ. ಒಂದನ್ನು ಕಣ್ಣಿಗೊತ್ತಿಕೊಂಡು ತೆರೆದೆ. ಶೀರ್ಷಿಕೆಯ ಹಾಳೆಯಾದ ಮೇಲೆ ನೇರವಾಗಿ ಮೊದಲ ಪದ್ಯ. ಬಿನ್ನಹವಿಲ್ಲ. ಇನ್ನೊಂದನ್ನು ತೆರೆದೆ, ಮತ್ತೊಂದನ್ನು ತೆರೆದೆ. ಸಂಜೆಯವರೆಗೆ ನೆಲದ ಮೇಲೆ ಕುಳಿತು ಮುನ್ನೂರನ್ನೂ ತೆರೆದೆ. ಒಂದರಲ್ಲಿಯೂ ಇಲ್ಲ.

ಮೊದಲು ಸಿಟ್ಟು ಬಂತು. ಆಮೇಲೆ, ಆ ರಾಶಿಯ ನಡುವೆ ಕುಳಿತಿದ್ದಾಗ, ಸಿಟ್ಟು ಇಳಿಯಿತು. ನಿನ್ನ ವೈದ್ಯೆ ಹೇಳಿದ್ದನ್ನು ನಾನು ನಂಬಿರಲಿಲ್ಲ. ಈಗ ನಂಬಿದೆ. ಒಂದಿಡೀ ಫಾರಂ ಕಣ್ಣೆದುರಿಗಿದ್ದೂ ಮುನ್ನೂರು ಸಲ ಕೈತಪ್ಪುವುದೆಂದರೆ ಅದು ಆರೋಗ್ಯವಂತ ಮಿದುಳಿನ ಕೆಲಸವಲ್ಲ. ಅಯ್ಯೋ ಕಂದಾ, ಇಷ್ಟಾಗಿದೆಯೆಂದು ನನಗೆ ಗೊತ್ತಾಗಲಿಲ್ಲ.

ನಿನ್ನ ಮೇಲೆ ಅಪವಾದ ಬರಬಾರದೆಂದು ಕೂಡಲೇ ಯಜಮಾನರಿಗೆ ಬರೆದು ಹಾಕಿದ್ದೇನೆ: ಚಿಕ್ಕಂದಿನ ಚಿಕಿತ್ಸೆಯಿಂದ ಇವಳ ಮಿದುಳಿಗೆ ಪೆಟ್ಟಾಗಿದೆ, ಮರೆತುಬಿಟ್ಟಿದ್ದಾಳೆ, ಹೊಣೆ ಅವಳದಲ್ಲ, ದಯವಿಟ್ಟು ಕುಳಿತು ಮಾಡುವ ಹಗುರ ಕೆಲಸ ಕೊಡಿ, ಎಂದು. ಅರ್ಪಣೆಯಲ್ಲಿ ಬಿನ್ನಹವನ್ನು ನನ್ನ ಕೈಬರಹದಿಂದಲೇ ಓದುತ್ತೇನೆ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಿನ್ನನ್ನು ಕ್ಷಮಿಸಿರುವ
ತಂದೆ


ಅಕ್ಟೋಬರ್ ೧೮

ಅಪ್ಪನವರಿಗೆ,

ನಾನು ಮರೆಯಲಿಲ್ಲ.

ಈ ಎರಡೇ ಶಬ್ದಗಳನ್ನು ಬರೆದು ಎರಡು ದಿನ ಪತ್ರವನ್ನು ಹಾಗೇ ಇಟ್ಟಿದ್ದೆ. ಇನ್ನೇನೂ ಬರೆಯುವುದು ಬೇಡವೆನಿಸಿತ್ತು. ಆದರೆ ನೀವು ಮೇಷ್ಟ್ರು; ವಿವರಣೆಯಿಲ್ಲದೆ ನಂಬುವುದಿಲ್ಲ.

ನಿಮ್ಮ ಉತ್ತರ ಬಂದ ಮೇಲೂ ನಾನು ಹೇಳಿದ ಹದಿನೈದು ದಿನ ಕಾದೆ. ಮರುದಿನ ಬಿನ್ನಹದ ರಾಶಿಯನ್ನು ಮೇಜಿನಿಂದ ಎತ್ತಿ ಮೇಜಿನ ಕೆಳಗಿಟ್ಟೆ. ಉಳಿದ ರಾಶಿಗಳ ಸುತ್ತ ನಡೆದೆ. ಸೂಜಿ ಅಕ್ಕ, "ಆ ಎಂಟು ಪುಟದ್ದು ಎಲ್ಲೇ?" ಎಂದು ಕೇಳಿದರು. "ಅದು ಬೇರೆ ಅಕ್ಕಾ," ಎಂದೆ. ಕೊನೆಗೆ ಅಂಟಿಸುವುದೆಂದುಕೊಂಡು ಸುಮ್ಮನಾದರು. ಯಜಮಾನರು ಬಂದು ಬೆನ್ನುಗಳನ್ನು ನೋಡಿದರು. ಒಂದು ಪ್ರತಿಯಲ್ಲಿ ತಪ್ಪಿದ್ದರೆ ಅಕ್ಕಪಕ್ಕದವುಗಳ ನಡುವೆ ಮುರಿದ ಮೆಟ್ಟಿಲು ಕಣ್ಣಿಗೆ ಹೊಡೆಯುತ್ತದೆ. ಮುನ್ನೂರರಲ್ಲೂ ಮೊದಲ ಮೆಟ್ಟಿಲೇ ಇಲ್ಲದಿದ್ದರೆ ಎಲ್ಲವೂ ನೇರವಾಗಿಯೇ ಇಳಿಯುತ್ತವೆ. ಯಾರಿಗೂ ಏನೂ ಕಾಣುವುದಿಲ್ಲ. ನಾನೂ ಹೊರಗೆ ಏನೂ ಕಾಣದಂತೆ ಹೀಗೇ ಬದುಕುತ್ತಿರುವುದರಿಂದ ಇದು ನನಗೆ ಗೊತ್ತಿತ್ತು.

ಅಪ್ಪಾ, ಮರೆವು ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ. ನನ್ನ ಮರೆವನ್ನು ನಾನು ಬಲ್ಲೆ. ಅದು ಹತ್ತು ಪ್ರತಿಯಲ್ಲಿ ಬಿಡುತ್ತದೆ, ಹನ್ನೊಂದನೆಯದರಲ್ಲಿ ಎರಡೆರಡು ಇಡುತ್ತದೆ, ಆಮೇಲೆ ಅಳುತ್ತದೆ.

ನಿಮ್ಮ ಪತ್ರ ಬಂದ ದಿನ ಚೀಟಿ ಅಂಟಿಸುವ ಕಡೆ ನನಗೊಂದು ಕುರ್ಚಿ ಹಾಕಿಸಿದ್ದರು. ಕುರ್ಚಿಗೆ ದಿಂಬು ಬೇರೆ. ಸೂಜಿ ಅಕ್ಕ ನನ್ನ ಹತ್ತಿರ ಬಂದು ಮೆಲ್ಲಗೆ, "ಟೀ ಕುಡೀತೀಯೇನಮ್ಮಾ?" ಎಂದರು. ಅವರ ಬಾಯಲ್ಲಿ ಆ "ಅಮ್ಮಾ" ಕೇಳಿ ನನಗೆ ಮೈ ಉರಿಯಿತು. ಮೂರು ದಿನ ಆ ದಿಂಬಿನ ಮೇಲೆ ಕುಳಿತೆ. ಸುಮ್ಮನಿದ್ದರೆ ಸುಖವಾಗಿ ಕುಳಿತೇ ಇರಬಹುದಿತ್ತು, ಮುದುಕಿಯಾಗುವವರೆಗೆ. ನಾಲ್ಕನೆಯ ದಿನ ಯಜಮಾನರ ಮುಂದೆ ಹೋಗಿ ನಿಂತೆ.

"ಆ ಫಾರಂ ನಾನು ಮರೆತಿದ್ದಲ್ಲ. ಬೇಕಂತಲೇ ಬಿಟ್ಟಿದ್ದು."

"ಸುಮ್ನಿರಮ್ಮಾ, ನಿಮ್ಮಪ್ಪನ ಮೇಲಿನ ಸಿಟ್ಟಿಗೆ ಹಂಗಂತೀಯ. ಹೋಗು, ಕೂತ್ಕೋ."

"ಮೇಜಿನ ಕೆಳಗೆ ನೋಡಿ. ಪೂರ್ತಿ ರಾಶಿ ಕಟ್ಟಿಟ್ಟಿದೀನಿ. ಮರೆತೋಳು ದಾರ ಹಾಕಿ ಕಟ್ಟಿಡ್ತಾಳಾ?"

ಅವರು ಬಗ್ಗಿ ನೋಡಿದರು. ಬಗ್ಗಿದವರು ಏಳಲು ಬಹಳ ಹೊತ್ತು ಹಿಡಿಯಿತು. ಎದ್ದಾಗ ಮುಖ ಕೆಂಪಾಗಿತ್ತು.

"ಬೇಕಂತಲೇ?"

"ಬೇಕಂತಲೇ."

"ಮಾನ ಮರ್ಯಾದೆ ಇದೆಯೇನೇ ನಿಂಗೆ? ಜನ ನಂಬಿ ಕೊಟ್ಟ ಪುಸ್ತಕ ಕಣೇ ಅದು! ಅಂಗಡಿ ಹೆಸರು ಹಾಳು ಮಾಡೋಕೆ ನನ್ನ ಮೇಜೇ ಬೇಕಿತ್ತಾ ನಿಂಗೆ?" ಬೀದಿಗೆಲ್ಲ ಕೇಳಿಸಿತು. ಎದುರಿನ ಔಷಧಿ ಅಂಗಡಿಯವರು ಹೊರಗೆ ಬಂದು ನಿಂತರು. ಕೊನೆಗೆ ತೀರ್ಪು: "ಒಂದು ತಿಂಗಳು ಈ ಕಡೆ ತಲೆ ಹಾಕ್ಬೇಡ. ಆಮೇಲೆ ಬಂದ್ರೆ ನಿಂತು ಮಾಡೋ ಕೆಲಸಕ್ಕೇ ಬರ್ಬೇಕು. ಚೀಟಿ ಗೀಟಿ ಅಂದ್ಕೊಂಡು ದಿಂಬಿನ ಮೇಲೆ ಕೂರೋ ಹಂಗಿಲ್ಲ. ಮುನ್ನೂರು ಪ್ರತೀಲೂ ಒಂದೇ ಥರ ತಪ್ಪು ಮಾಡೋಳಿಗೆ ಸರಿಯಾಗಿ ಮಾಡೋಕೆ ಏನು ರೋಗ?"

ಬೀದಿಯುದ್ದಕ್ಕೂ ನಗುತ್ತಾ ಬಂದೆ. ಆ ಬೈಗುಳ ಬಿದ್ದದ್ದು ನನಗೆ, ನನ್ನ ಗಡ್ಡೆಗಲ್ಲ. ನಿಮಗೆ ಅರ್ಥವಾಗುವುದಿಲ್ಲವೆಂದು ಹೇಳಿ ಮುಗಿಸಿಬಿಡಬಹುದು, ಆದರೆ ನನಗೆ ಸಾಕಾಗಿದೆ, ನಿಮಗೆ ಅರ್ಥವಾಗಲೇಬೇಕು. ಇಪ್ಪತ್ತು ವರ್ಷ ನಾನು ಮರೆತಾಗಲೆಲ್ಲ, ಬೇಕೆಂದೇ ಮಾಡಿದಳು ಎಂದಿರಿ. ಹುಟ್ಟಿದ್ದಕ್ಕೆ ಒಮ್ಮೆ ಬೇಕೆಂದು ಒಂದು ಕೆಲಸ ಮಾಡಿದರೆ, ಪಾಪ ಮರೆತಳು ಎನ್ನುತ್ತೀರಿ. ನೀವು ನನ್ನ ಕಾಯಿಲೆಯನ್ನು ಒಪ್ಪಿಕೊಂಡದ್ದು ಅದು ಕಾರಣವೇ ಅಲ್ಲದ ದಿನ. ನಿಮ್ಮ ಕ್ಷಮೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ನನಗೆ ಅದು ಬೇಡ.

ಅಚ್ಚಿನವರು ಹೆಚ್ಚಿಗೆ ಕೊಟ್ಟಿದ್ದ ಹಾಳೆಗಳಿಂದ ನನಗಾಗಿ ಒಂದು ಪ್ರತಿ ಜೋಡಿಸಿದ್ದೇನೆ. ಹೊಲಿದಿಲ್ಲ. ಅದಕ್ಕೆ ಸೇರಬೇಕಾದ ಬಿನ್ನಹದ ಒಂದು ಫಾರಂ ಇದರೊಡನೆ ಇದೆ. ಆ ವಾಕ್ಯವನ್ನು ನಿಮ್ಮ ಕೈಯಿಂದ ತಿದ್ದಿ ಕಳಿಸಿದರೆ ಹೊಲಿಯುತ್ತೇನೆ.

ಮಗಳು


ನವೆಂಬರ್ ೨೯

ಮಗಳಿಗೆ,

ಅರ್ಪಣೆಯ ದಿನ ನಾನು ಬಿನ್ನಹವನ್ನು ಆದ್ಯಂತ ಓದಿದೆ. ಆ ವಾಕ್ಯ ಬಂದಾಗ ಸಭೆ ತಲೆದೂಗಿತು. ಎದುರಿಗೆ ಕುಳಿತಿದ್ದ ನಿನ್ನಮ್ಮ ತಲೆದೂಗಲಿಲ್ಲ. ಅದೊಂದನ್ನು ಬಿಟ್ಟು ಅಂದಿನ ಬೇರೇನೂ ನನಗೀಗ ನೆನಪಿಲ್ಲ.

ನೀನು ಕಳಿಸಿದ ಫಾರಂ ತಿಂಗಳಿಂದ ಮೇಜಿನ ಮೇಲಿದೆ. ನೀನು ಮಾಡಿದ್ದು ಸರಿಯೆಂದು ನಾನು ಒಪ್ಪಿಲ್ಲ, ಒಪ್ಪುವವನೂ ಅಲ್ಲ. ಆದರೆ ಮಾಡಿದವಳು ನೀನೆಂದು ಒಪ್ಪಿದ್ದೇನೆ. ಯಜಮಾನರಿಗೂ ಹಾಗೆಯೇ ಬರೆದು, ಹಿಂದಿನ ಪತ್ರವನ್ನು ಹರಿದುಹಾಕಬೇಕೆಂದು ಕೋರಿದ್ದೇನೆ.

ತಿದ್ದಲೆಂದು ಹಲವು ಸಲ ಕುಳಿತೆ. ಸಾವಿರಾರು ಮಕ್ಕಳ ವಾಕ್ಯಗಳನ್ನು ತಿದ್ದಿದ ಕೈಗೆ ಇದೊಂದು ಒಗ್ಗದು. "ಒಂದು ಗೆರೆಯನ್ನೂ ಉಳಿಸದೆ" ಎಂಬುದನ್ನು ಹೊಡೆದುಹಾಕಿದೆ. ಹೊಡೆದುಹಾಕಿದ ಜಾಗದಲ್ಲಿ ಬರೆಯಲು ನನ್ನಲ್ಲಿ ಏನೂ ಇಲ್ಲವೆಂದು ಆಗ ಕಂಡಿತು. ಆದ್ದರಿಂದ ಫಾರಂ ಅನ್ನು ಹಾಗೆಯೇ ಹಿಂದಿರುಗಿಸುತ್ತಿದ್ದೇನೆ. ಅಂಚಿನಲ್ಲಿ ಜಾಗವಿದೆ.

ಏನು ಉಳಿದಿದೆ?

ತಂದೆ

(ಪೆನ್ಸಿಲಿನಲ್ಲಿ) ಕಾಗದಕ್ಕೆ ಒಂದೇ ಪ್ರಶ್ನೆ ಅಂತ ನೀನು ಕಟ್ಟು ಮಾಡಿದ್ಮೇಲೆ ಉಳಿದಿದ್ದೆಲ್ಲ ನನ್ನ ಹತ್ರ ಕೇಳ್ತಾ ಕೂತಿರ್ತಾರೆ. ಬೇಗ ಬರಿ. ಅಲ್ಲ, ನಿಧಾನಕ್ಕೇ ಬರಿ.


ಡಿಸೆಂಬರ್ ೧೭

ಅಪ್ಪನವರಿಗೆ,

ಪ್ರಶ್ನೆ ತಲುಪಿತು. ಜೋಡಿಸುವ ಮೇಜಿಗೆ ಮರಳಿ ಒಂದು ತಿಂಗಳಾಗುತ್ತ ಬಂತು. ಯಜಮಾನರು ಬೈಯುತ್ತಾರೆ. ಸೂಜಿ ಅಕ್ಕ, "ಒಂದೊಂದೇ, ಎಲ್ಲಾ ಫಾರಂ ಇಟ್ಟಿದೀಯೇನೇ?" ಎಂದು ದಿನಕ್ಕೆ ಹತ್ತು ಸಲ ಕೇಳಿ ಪ್ರಾಣ ತಿನ್ನುತ್ತಾರೆ.

ಅಂಚಿನಲ್ಲಿಯೇ ಉತ್ತರ ಬರೆಯಲು ಹೋದೆ. ಎಡಗಿವಿಯಿಂದ ಶುರುಮಾಡಿದೆ. ಆಮೇಲೆ ಶಾಲೆಯಲ್ಲಿ ಉಕ್ತಲೇಖನದ ಹೊತ್ತು, ಎಲ್ಲರೂ ನಾಲ್ಕನೆಯ ವಾಕ್ಯದಲ್ಲಿರುವಾಗ ನಾನು ಎರಡನೆಯದರಲ್ಲಿ ಇದ್ದುದು. ಅಷ್ಟಕ್ಕೇ ಅಂಚು ಮುಗಿಯಿತು.

ಈಗ ಮಿಕ್ಕ ಉತ್ತರಕ್ಕೆಂದು ಒಂದು ಖಾಲಿ ಹಾಳೆಯನ್ನು ಹದಿನಾರು ಪುಟವಾಗಿ ಮಡಿಸಿ, ಬೆನ್ನಿನ ಮೇಲ್ತುದಿಗೆ ಶಾಯಿಯಿಂದ ಒಂದು ಗುರುತು ಹಾಕಿಕೊಂಡಿದ್ದೇನೆ. ಭಾನುವಾರಕ್ಕೊಂದು ಪುಟವಾದೀತು, ಆಗದೆಯೂ ಇದ್ದೀತು. ಅದು ತುಂಬುವವರೆಗೆ ನನ್ನ ಪ್ರತಿಯನ್ನು ಹೊಲಿಯುವುದಿಲ್ಲ.

ಅಷ್ಟರೊಳಗೆ ಎರಡನೆಯ ಪ್ರಶ್ನೆ ಕಳಿಸಬೇಡಿ.

ಮಗಳು